ತೆಂಗಿನ ಗರಿ ದಾಟದ ಪಾರಿವಾಳಗಳು

ಗುಬ್ಬಿ ಊರಿನ ಆ ಓಣಿಗೆ ಕಾಲಿಟ್ಟಾಗ ಸಬ್ ಇನ್‌ಸ್ಪೆಕ್ಟರ್ ಅಪರ್ಣಳ ಕಣ್ಣಿಗೆ ಮೊದಲು ಬಿದ್ದದ್ದು ಹೆಣವಲ್ಲ, ಹಕ್ಕಿಗಳು. ನಡು ಮಧ್ಯಾಹ್ನದ ಏಪ್ರಿಲ್ ಬಿಸಿಲಿನಲ್ಲಿ ಒಂದು ಹಿಂಡು ಪಾರಿವಾಳ ಆ ಮನೆಯ ಮೇಲೇ ಸುತ್ತುತ್ತಿತ್ತು. ಪಕ್ಕದ ತೆಂಗಿನ ಗರಿಯಷ್ಟೇ ಎತ್ತರ. ರೆಕ್ಕೆ ಬಡಿಯುವ ಸದ್ದು ಕೆಳಗಿನ ತನಕ ಕೇಳುತ್ತಿತ್ತು. ಏರಲಾರವು, ಇಳಿಯಲೊಲ್ಲವು.

ತಾರಸಿಯಲ್ಲಿ ಮುದ್ದಯ್ಯ ಬೋರಲು ಬಿದ್ದಿದ್ದ. ತಲೆಯ ಹಿಂಭಾಗಕ್ಕೆ ಇಟ್ಟಿಗೆಯ ಏಟು. ಪಕ್ಕದ ಪಾರಿವಾಳದ ಗೂಡಿನ ಬಾಗಿಲು ತೆರೆದಿತ್ತು. ಗೂಡಿನ ನೆತ್ತಿಗೆ ಕಪ್ಪು ಬಟ್ಟೆ ಕಟ್ಟಿದ ಕೋಲು ಸಿಕ್ಕಿಸಿತ್ತು. ಅದು ಮೇಲಿರುವ ತನಕ, ಹೆಚ್ಚು ಹೊತ್ತು ಹಾರುವ ಪಂದ್ಯಕ್ಕೆ ಸಾಕಿದ ಹಕ್ಕಿ ಗೂಡಿಗೆ ಇಳಿಯಬಾರದು. ಅವಕ್ಕೆ ಕಲಿಸುವ ಮೊದಲ ಪಾಠವೇ ಅದು.

ಫೋಟೋ ತೆಗೆದಾದ ಮೇಲೆ ಅಪರ್ಣ ಕೋಲು ಕಿತ್ತಳು. ಹಕ್ಕಿಗಳು ಇಳಿಯಲಿಲ್ಲ, ಬಿದ್ದವು. ಕೊಕ್ಕು ತೆರೆದುಕೊಂಡು ಏದುಸಿರು ಬಿಡುತ್ತಿದ್ದವು. ಒಂದು ಮುದ್ದಯ್ಯನ ಕೈ ಪಕ್ಕದಲ್ಲೇ ಸತ್ತಿತು.

ಅಪರ್ಣಳಿಗೆ ಬೆನ್ನ ಹಿಂದೆ ಯಾರೋ ನಿಂತಂತಾಯಿತು. ತುಮಕೂರಿನ ಮನೆಯ ತಾರಸಿಯಲ್ಲಿ ಅವಳ ಅಪ್ಪನೂ ಪಾರಿವಾಳ ಹಾರಿಸುತ್ತಿದ್ದ. ಮರಳದ ಒಂದು ಹಕ್ಕಿಗಾಗಿ ಕಾಯುತ್ತ, ಕುರ್ಚಿಯಲ್ಲಿ ಕೂತು ಮೇಲೆ ನೋಡುತ್ತಲೇ ಪ್ರಾಣ ಬಿಟ್ಟಿದ್ದ. ಅಂದಿನಿಂದ ಅವಳು ತಲೆಯೆತ್ತಿ ಆಕಾಶ ನೋಡಿದವಳೇ ಅಲ್ಲ. ಈಗ ಭಯವಾಯಿತು. ಪೊಲೀಸರಿಗೂ ಭಯವಾಗುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೆ.

* * *

ಸಂಜೆಯೊಳಗೆ ಕೇಸು ಮುಗಿದಂತೆಯೇ ಎಂದು ಠಾಣೆಯಲ್ಲಿ ಎಲ್ಲರೂ ಅಂದುಕೊಂಡರು. ಮುದ್ದಯ್ಯ ದಿನಾ ಬೆಳಕು ಹರಿಯುವಾಗ ಹಕ್ಕಿ ಬಿಡುತ್ತಿದ್ದ. ಇಂದೂ ಹಕ್ಕಿಗಳು ಮೇಲಿದ್ದವು, ಬಿಟ್ಟೊಡನೆ ಅವನು ಮುಚ್ಚುತ್ತಿದ್ದ ಗೂಡಿನ ಬಾಗಿಲು ಮಾತ್ರ ತೆರೆದೇ ಇತ್ತು. ಅಂದರೆ ಬಿಟ್ಟ ಗಳಿಗೆಯಲ್ಲೇ ಏಟು ಬಿದ್ದಿದೆ. ಆ ಹೊತ್ತಿಗೆ ಪಕ್ಕದ ಮನೆಯ ತಿಪ್ಪಯ್ಯ, ಹಿಂದಿನ ದಿನ ಒಣಗಹಾಕಿದ ಕೊಬ್ಬರಿಯ ಮೇಲೆ ಹಿಕ್ಕೆ ಬಿದ್ದಿದೆಯೆಂದು, 'ನಿನ್ನ ಒಂದ್ ಗತಿ ಕಾಣಿಸ್ತೀನಿ' ಎಂದು ತಾರಸಿಯತ್ತ ಕೂಗಾಡಿದ್ದನ್ನು ಇಡೀ ಓಣಿ ಕೇಳಿತ್ತು. ತಿಪ್ಪಯ್ಯನನ್ನು ಕರೆತಂದು ಕೂರಿಸಿದರು. ತಾರಸಿ ಬೆಂಕಿಯಾಗಿ ಕಾದಿತ್ತು, ಸತ್ತ ಹೊತ್ತನ್ನು ಖಚಿತವಾಗಿ ಹೇಳಲಾರೆ ಎಂದು ಡಾಕ್ಟರು ಕೈಚೆಲ್ಲಿದರು.

ಮನೆಯಲ್ಲಿ ಮುದ್ದಯ್ಯನ ಜೊತೆಗಿದ್ದವಳು ತಂಗಿ ಸುಧಾ ಒಬ್ಬಳೇ. ಗಂಡ ರವೀಶನ ಹೊಡೆತ ತಾಳಲಾರದೆ ಕುಣಿಗಲ್ಲಿನಿಂದ ಬಂದು ಅಣ್ಣನ ಮನೆ ಸೇರಿದವಳು. ತುಮಕೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಮುಂಜಾನೆ ಅವಳು ಬಸ್ ಹಿಡಿಯಲು ಹೊರಟಾಗ ಅಣ್ಣ ಜ್ವರದಿಂದ ಮಲಗಿದ್ದನಂತೆ, ಕಣ್ಣೂ ಬಿಟ್ಟಿರಲಿಲ್ಲವಂತೆ. ಆಮೇಲೆ ಎದ್ದಿರಬೇಕು ಎಂದುಕೊಂಡರು ಎಲ್ಲರೂ.

ರವೀಶನ ಬಗ್ಗೆಯೂ ವಿಚಾರಿಸಿದರು. ಬೆಳಕು ಹರಿಯುವಾಗ ಅವನು ಕುಣಿಗಲ್ಲಿನ ಡೈರಿಯಲ್ಲಿ ಹತ್ತು ಜನರ ಎದುರು ಹಾಲು ಹಾಕುತ್ತಿದ್ದ. ಸುಧಾಳ ಫೋನು ಬಂದ ಮೇಲೇ ಗುಬ್ಬಿಗೆ ಬಂದೆ ಎಂದ. ಭಾವನ ಹೆಣದ ಮುಂದೆ ಎಲ್ಲರಿಗಿಂತ ಜೋರಾಗಿ ಅತ್ತವನೂ ಅವನೇ. ಕಾರ್ಯ ಮುಗಿದ ಮೇಲೆ ಹೆಂಡತಿಯನ್ನು ಕರೆದುಕೊಂಡು ಹೋಗುತ್ತೇನೆಂದ. ಒಂಟಿ ಹೆಂಗಸು ಇಲ್ಲಿ ಹೇಗಿರುತ್ತಾಳೆ ಎಂದು ಹಿರಿಯರೂ ತಲೆಯಾಡಿಸಿದರು. ಸುಧಾ ಗೋಡೆಗೆ ಒರಗಿ ಕೂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಅಪರ್ಣಳಿಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಆ ರೆಕ್ಕೆಗಳ ಸದ್ದು.

* * *

ಮರುದಿನ ಬೆಳಕು ಮೂಡುವಾಗ ಅವಳು ಆ ತಾರಸಿಯಲ್ಲಿದ್ದಳು. ಹಿಂಡಿನಲ್ಲಿ ಹುಷಾರಾಗಿದ್ದ ಆರು ಹಕ್ಕಿ ಆರಿಸಿ ಬಿಟ್ಟಳು, ಕಪ್ಪು ಬಟ್ಟೆ ಏರಿಸಿದಳು. ಎಷ್ಟೋ ವರ್ಷಗಳ ಮೇಲೆ ತಲೆಯೆತ್ತಿ ನೋಡಿದಳು. ಕುತ್ತಿಗೆ ನೋಯಿತು, ಕಣ್ಣು ತುಂಬಿತು. ಹಕ್ಕಿಗಳು ಸುತ್ತು ಹಾಕುತ್ತ ಏರಿ ಏರಿ ಚುಕ್ಕಿಯಾದವು, ಆಮೇಲೆ ಚುಕ್ಕಿಯೂ ಇಲ್ಲ. ಬಿಸಿಲು ನೆತ್ತಿಗೆ ಬಂದರೂ ಅವು ಕೆಳಗೆ ಕಾಣಲಿಲ್ಲ.

ಆಗ ಅಷ್ಟೇ ಹುಷಾರಾಗಿದ್ದ ಇನ್ನೂ ಆರು ಹಕ್ಕಿ ಬಿಟ್ಟಳು. ಅವು ತೆಂಗಿನ ಗರಿ ದಾಟಲಿಲ್ಲ. ಮೊದಲ ಸುತ್ತಿಗೇ ಕೊಕ್ಕು ತೆರೆದವು. ಅವಳು ತಡಮಾಡದೆ ಬಟ್ಟೆ ಇಳಿಸಿದಳು.

ಠಾಣೆಗೆ ಬಂದು, ಕೊಲೆಯಾದ ದಿನ ಬೆಳಗಿನಿಂದ ಮಧ್ಯಾಹ್ನದ ತನಕ ರವೀಶನ ಫೋನು ಎಲ್ಲೆಲ್ಲಿತ್ತು ಎಂದು ತರಿಸಿ ನೋಡಿದಳು.

* * *

ಮೂರನೆಯ ದಿನದ ಕಾರ್ಯ ಮುಗಿದ ಸಂಜೆ ರವೀಶ ತಂದ ಕಾರು ಬಾಗಿಲಲ್ಲಿ ನಿಂತಿತ್ತು. ಸುಧಾಳ ಬ್ಯಾಗು ಆಗಲೇ ಡಿಕ್ಕಿ ಸೇರಿತ್ತು. ಅಪರ್ಣ ಬಂದು ಕಾರಿನ ಬಾಗಿಲಿಗೆ ಅಡ್ಡ ನಿಂತಳು.

"ನಿಮ್ಮ ಭಾವ ಅವತ್ತು ಹಕ್ಕಿ ಬಿಟ್ಟಿದ್ದು ಯಾವಾಗ, ರವೀಶ್?"

"ಬೆಳಗಿನ ಜಾವ್ದಲ್ಲೇ ಮೇಡಂ. ದಿನಾ ಹಂಗೇ ತಾನೆ ಬುಡೋದು."

"ಬಿಟ್ಟಿದ್ರೆ ಮಧ್ಯಾಹ್ನ ನನ್ನ ಕಣ್ಣಿಗೆ ಬೀಳ್ತಿರಲಿಲ್ಲ. ಬೆಳಗಿನ ಗಾಳಿ ತಣ್ಣಗೆ, ಗಟ್ಟಿಯಾಗಿರತ್ತೆ. ರೆಕ್ಕೆಗೆ ಹಿಡಿತ ಸಿಗತ್ತೆ, ಹಕ್ಕಿ ಏರತ್ತೆ. ತೀರಾ ಮೇಲೆ ಗಾಳಿ ತೆಳುವೇ, ಆದ್ರೆ ತಂಪಿರತ್ತೆ. ಅಲ್ಲಿಗೆ ಸೇರಿದ ಪಂದ್ಯದ ಹಕ್ಕಿ ಸಂಜೆ ತನಕ ತೇಲ್ತಿರತ್ತೆ. ಬಿಸಿಲೇರಿದ ಮೇಲೆ ಕೆಳಗಿನ ಗಾಳಿ ಕಾದು ಸಡಿಲ ಆಗತ್ತೆ. ಎಷ್ಟು ಬಡಿದ್ರೂ ಹಿಡಿತ ಇಲ್ಲ, ಮೈ ಬೇರೆ ಬೇಯತ್ತೆ. ಹಕ್ಕಿ ಸಾಕೋನು ಅಷ್ಟು ಹೊತ್ತಲ್ಲಿ ಬಿಡಲ್ಲ. ಬಿಟ್ಟೋನು ಸಾಕೋನಲ್ಲ."

ರವೀಶ ಡಿಕ್ಕಿಯನ್ನು ಧಡಾರನೆ ಮುಚ್ಚಿದ.

"ಮುದ್ದಯ್ಯಂಗೆ ಜ್ವರ. ಅವತ್ತು ಹಕ್ಕಿ ಬಿಡಲೇ ಇಲ್ಲ. ಬಿಸಿಲೇರಿದ ಮೇಲೆ ನೀರಿಡೋಕೆ ತಾರಸಿಗೆ ಹೋದ, ನೀನೂ ಹಿಂದೆ ಹೋದೆ. ಹೊಡೆದ ಮೇಲೆ ನಿಂಗೆ ನೆನಪಾಗಿದ್ದು ಒಂದೇ, ಹಕ್ಕಿ ಮೇಲಿದ್ದು ಗೂಡು ತೆರೆದಿದ್ರೆ ಭಾವ ಬೆಳಿಗ್ಗೆ ಬಿಟ್ಟ, ಆಗ್ಲೇ ಸತ್ತ ಅಂತ ಓಣಿ ನಂಬತ್ತೆ. ಬೆಳಿಗ್ಗೆ ನೀನು ಡೈರಿಯಲ್ಲಿದ್ದೆ. ಬಾಗಿಲು ತೆಗೆದೆ, ಕಪ್ಪು ಬಟ್ಟೆ ಏರಿಸಿದೆ. ನಾವೂ ನಂಬಿ ಬೆಳಗಿನ ಹೊತ್ತನ್ನೇ ವಿಚಾರಿಸ್ತಾ ಕೂತ್ವಿ. ಆದ್ರೆ ಹನ್ನೊಂದು ಗಂಟೆಗೆ ನಿನ್ನ ಫೋನು ಗುಬ್ಬಿಯಲ್ಲಿತ್ತು. ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ನಿನ್ನ ಬೈಕೂ ಇದೆ."

ರವೀಶ ಓಡಲಿಲ್ಲ. ಕಾರಿಗೆ ಒರಗಿಕೊಂಡ. "ಹೆಂಡ್ತಿನ ಕಳ್ಸು ಅಂದೆ. ನಾನು ಬದುಕಿರೋವರ್ಗೂ ಕಳ್ಸಲ್ಲ ಅಂದ ಮೇಡಂ" ಎಂದ, ಆ ಮಾತಿನಲ್ಲೇ ಎಲ್ಲ ನ್ಯಾಯವೂ ತನ್ನ ಕಡೆಗಿದೆ ಎಂಬಂತೆ.

ಅವನನ್ನು ಜೀಪು ಹತ್ತಿಸಿದರು. ತಿಪ್ಪಯ್ಯನನ್ನು ಮನೆಗೆ ಕಳಿಸಿ ಎಂದು ಅಪರ್ಣ ಠಾಣೆಗೆ ಫೋನು ಮಾಡಿದಳು. ತಲೆಯಾಡಿಸಿದ ಹಿರಿಯರು ಒಬ್ಬೊಬ್ಬರೇ ಜಾರಿಕೊಂಡರು. ಅಪರ್ಣ ತಾನೇ ಡಿಕ್ಕಿಯಿಂದ ಬ್ಯಾಗು ಇಳಿಸಿ ಒಳಗೆ ತಂದಿಟ್ಟಳು.

ಸುಧಾ ಹೊಸಿಲ ಮೇಲೆ ಕೂತಿದ್ದಳು. ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅವ್ನು ಮೊದ್ಲು ಕರೆದಾಗ್ಲೇ ನಾನು ಹೋಗ್ಬಿಟ್ಟಿದ್ರೆ ನಮ್ಮಣ್ಣ ಇರ್ತಿದ್ದ ಅಲ್ವಾ ಮೇಡಂ?"

ಅಪರ್ಣಳಿಗೆ ಸುಳ್ಳು ಹೇಳಲಾಗಲಿಲ್ಲ. ಪಕ್ಕದಲ್ಲಿ ಕೂತಳು.

"ಇರ್ತಿದ್ದ" ಎಂದಳು. "ನೀನು ಇರ್ತಿರಲಿಲ್ಲ. ಅದು ನಿಮ್ಮಣ್ಣಂಗೆ ಗೊತ್ತಿತ್ತು ಕಣೇ."