ಮೆರವಣಿಗೆ ಕಾರಿನ ಎಪ್ಪತ್ತೈದು ಮೈಲಿ

೧೯೩೭ರ ನವೆಂಬರ್ ೧೫, ಸೋಮವಾರ. ಬೆಳಿಗ್ಗೆ ಏಳು ನಲವತ್ತಕ್ಕೆ ಕಾರವಾರ ಠಾಣೆಯ ಮೆಟ್ಟಿಲು ಹತ್ತಿದ ಮರದ ವ್ಯಾಪಾರಿ ಲಕ್ಷ್ಮಣರಾವ್ ಕುಡ್ತರಕರ ಕಾಲಿಗೆ ಚಪ್ಪಲಿ ಮೆಟ್ಟುವುದನ್ನೂ ಮರೆತಿದ್ದರು.

“ಫೌಜದಾರ ಸಾಹೇಬ್ರೇ, ನನ್ನ ಗಾಡಿ ಹೋಯ್ತು!”

ಯಾವ ಗಾಡಿ ಎಂದು ಫೌಜದಾರ ಶಾಂತಾರಾಮ ಕೇಳಲಿಲ್ಲ. ಊರಿಗೆಲ್ಲ ಗೊತ್ತಿದ್ದ ಕಾರು ಅದು. ಕೆನೆ ಬಣ್ಣದ ಮೈ, ಹಿಂದಕ್ಕೆ ಮಡಚುವ ಕ್ಯಾನ್ವಾಸಿನ ಮಾಡು. ಪುಣೆಯ ಕುದುರೆ ರೇಸಿನಲ್ಲಿ ಗೆದ್ದ ಸವಾರನಿಗೆ ಹಾರ ಹಾಕಿ, ಕೂರಿಸಿ, ಮೈದಾನ ಸುತ್ತಿಸುವುದಕ್ಕೆಂದೇ ಇಟ್ಟಿದ್ದು. ಐದು ವರ್ಷದ ಹಿಂದೆ ಕುಡ್ತರಕರರು ಅದನ್ನು ಕೊಂಡು ಆಗಬೋಟಿನಲ್ಲಿ ತರಿಸಿ, ಕೋಡಿಬಾಗದ ಶೆಡ್ಡಿನಲ್ಲಿ ಬಿಳಿ ಬಟ್ಟೆ ಹೊದಿಸಿ ನಿಲ್ಲಿಸಿದ್ದರು. ಹುಟ್ಟಿದಾಗಿನಿಂದ ಓಡಿದ್ದು ಸಾವಿರದ ಇನ್ನೂರಾರು ಮೈಲಿ. ಓಡದೆ ಇರುವುದೇ ಅದರ ಹೆಚ್ಚುಗಾರಿಕೆ. ಹಳೆಯ ಕಾರುಗಳ ಹುಚ್ಚಿನ ಮುಂಬಯಿಯ ಪಾರ್ಸಿಯೊಬ್ಬ ಶುಕ್ರವಾರ ನೋಡಲು ಬರುವವನಿದ್ದ.

“ಕಡೆಗೆ ನೋಡಿದ್ದು ಯಾವಾಗ?”

“ಶನಿವಾರ. ಗೋಕರ್ಣಕ್ಕೆ ಹೋಗಿ ನಿನ್ನೆ ಸಂಜೆ ಬಂದೆ. ಇವತ್ತು ಶೆಡ್ ತೆಗೆದ್ರೆ ಬರೀ ನೆಲ.”

“ಬೀಗ ಮುರಿದಿದೆಯೇ?”

“ಇಲ್ಲ. ಕೀಲಿ ಒಂದು ನನ್ನ ಕಪಾಟಿನಲ್ಲಿದೆ. ಇನ್ನೊಂದು ಡ್ರೈವರ್ ಬಾಳಾನ ಹತ್ರ.”

“ಅವನೆಲ್ಲಿ?”

“ರಜೆ ತಗೊಂಡಿದ್ದಾನೆ. ಅವನ ಮೇಲೆ ಸಂಶಯ ಬೇಡ ಸಾಹೇಬ್ರೇ. ಐದು ವರ್ಷದಲ್ಲಿ ಒಂದು ದಿನ ನನ್ನ ಮಾತು ಮೀರಿದವನಲ್ಲ.”

ಎಫ್‌ಐಆರ್ ಬರೆದು, ಎಂಟೂಕಾಲಿಗೆ ಇಬ್ಬರು ಪಂಚರ ಎದುರು ಶೆಡ್ಡಿನ ಪಂಚನಾಮೆ ಮಾಡಿದರು. ಗೋಡೆಯ ಮೊಳೆಗೆ ನೇತುಹಾಕಿದ ವಹಿಯಲ್ಲಿ ಬಾಳಾ ಪ್ರತಿ ಶನಿವಾರ ಮೈಲಿಯ ಅಂಕಿ ಬರೆದಿಟ್ಟಿದ್ದ. ಪುಟ ಪುಟವೂ ಒಂದೇ ಅಂಕಿ. ಪೆಟ್ರೋಲಿನ ಎರಡು ಡಬ್ಬಿ ಇರಲಿಲ್ಲ. ಪಕ್ಕದ ಬಾಳಾನ ಕೋಣೆಯಲ್ಲಿ ಟ್ರಂಕು ಇತ್ತು, ಅಂಗಿಗಳಿದ್ದವು. ಚಾಪೆ, ದಿಂಬು ಮಾತ್ರ ಇರಲಿಲ್ಲ.

“ಅಂಗಿ ಬಿಟ್ಟು ಚಾಪೆ ಒಯ್ಯೋ ಕಳ್ಳ ಎಂಥವ್ನು?” ಎಂದ ಕಾನ್‌ಸ್ಟೇಬಲ್ ಮಾದೇವ.

ಬಾಳಾನ ಮಾವನ ಮನೆ ರಾಮನಗುಳಿಯಲ್ಲಿ ಎಂದು ಅಡಿಗೆಯವಳು ಹೇಳಿದಳು. ಹೆಂಡತಿ ನಾಗಿ ಹೋದ ತಿಂಗಳು ಹೆರಿಗೆಯಲ್ಲಿ ತೀರಿಕೊಂಡಳೆಂದೂ ಹೇಳಿದಳು. ಅದನ್ನು ಕೇಳಿದಾಗ ಶಾಂತಾರಾಮನ ಮನಸ್ಸಿನಲ್ಲಿ ಏನೋ ಚುರ್ರೆಂದಿತು. ಏನೆಂದು ಆಗ ಹೊಳೆಯಲಿಲ್ಲ.

ಒಂಬತ್ತೂವರೆಯ ಸರ್ವಿಸ್ ಮೋಟಾರು ಹಿಡಿದು ಇಬ್ಬರೂ ಹನ್ನೊಂದಕ್ಕೆ ರಾಮನಗುಳಿಯ ದಾರಿಯ ಅಂಕೋಲೆಯಲ್ಲಿಳಿದರು. ಅಂಥ ಕಾರು ಪೇಟೆಯಲ್ಲಿ ಅಡಗುವಂಥದ್ದಲ್ಲ. ಡಾಕ್ಟರರ ಮನೆಯ ಮುಂದೆ ನಿಂತಿತ್ತೆಂದು ನಾಲ್ಕು ಜನ ಹೇಳಿದರು. ಡಾಕ್ಟರರ ಕಂಪೌಂಡರನೇ ಬಾಗಿಲಿಗೆ ಬಂದ.

“ನಿನ್ನೆ ಮಧ್ಯಾಹ್ನ ಒಬ್ಬ ಬಂದಿದ್ದ ಹೌದು. ಔಷಧ ಕೇಳ್ಲಿಲ್ಲ. ಡಾಕ್ಟರ್ ಇದ್ದಾರಾ ಅಂದ. ಇದ್ದಾರೆ ಅಂದೆ. ಗಡಿಯಾರ ನೋಡಿ ಚೀಟಿ ಮೇಲೆ ಬರ್ಕಂಡ.”

“ಎಷ್ಟಾಗಿತ್ತು?”

“ಒಂದೂ ನಲವತ್ತು. ‘ದಿನಾ ಈ ಹೊತ್ತಿಗೆ ಇರ್ತಾರಾ?’ ಅಂತ ಕೇಳ್ದ. ಇರ್ತಾರೆ ಅಂದೆ. ಅಲ್ಲೇ ಮೆಟ್ಟಿಲ ಮೇಲೆ ಕೂತ್ಬಿಟ್ಟ. ಆಮೇಲೆ ಎದ್ದು ಯಲ್ಲಾಪುರದ ರಸ್ತೆಗೇ ತಿರುಗಿಸ್ಕಂಡು ಹೋದ.”

ಎರಡು ಸೈಕಲ್ ಕೇಳಿ ಪಡೆದು ಅದೇ ರಸ್ತೆ ಹಿಡಿದರು. ಅಗಸೂರಿಗೆ ಸ್ವಲ್ಪ ಮೊದಲು ಸುಕ್ರಿ ಎಂಬ ಮುದುಕಿ ಬಸಳೆಸೊಪ್ಪಿನ ಬುಟ್ಟಿ ಹೊತ್ತು ಎದುರಾದಳು.

“ಬಿಳಿ ಮೋಟಾರಾ? ಕಂಡೆ ಒಡ್ಯಾ. ನಿನ್ನೆ ಮೇಲ್ ಬದಿಯಿಂದ ಪೇಟೆ ಕಡೆಗೆ ಬಂತು. ಹಿಂದೆ ಚಾಪೆ ಹಾಸಿತ್ತು, ದಿಂಬಿತ್ತು, ಜನ ಇಲ್ಲಾಗಿತ್ತು. ಆದ್ರೂ ಅಂವ ಹೊಂಡ ತಪ್ಸಿ ತಪ್ಸಿ, ಹಿಂದೆ ತಿರುಗಿ ನೋಡ್ತಾ ಬಿಡ್ತಿದ್ದ. ಮೈ ಮೇಲೆ ಬಂದವ್ನೋ ಏನೋ ಅಂತ ಬದಿಗೆ ನಿಂತೆ.”

“ಈಗೆಲ್ಲಿ?”

“ಅಗೋ ಅಲ್ಲಿ, ಹಳ್ಳದ ಬದಿಗೆ, ಮಾವಿನ ಮರದ ಬುಡಕ್ಕೆ. ಪೇಟೆಗೆ ಹೋಗಿ ಬಂದು ನಿನ್ನೆಯಿಂದ ಅಲ್ಲೇ ಉಂಟು.”

ಹನ್ನೆರಡೂ ಐವತ್ತು. ಮಾಡು ಮಡಚಿದ ಕಾರು ನೆರಳಲ್ಲಿ ನಿಂತಿತ್ತು. ಬಾಳಾ ಒದ್ದೆ ಬಟ್ಟೆಯಿಂದ ಚಕ್ರದ ಕೆಸರು ಒರೆಸುತ್ತಿದ್ದ. ಪೊಲೀಸರನ್ನು ಕಂಡು ಬಟ್ಟೆ ಹಿಂಡಿ, ಮಡಚಿ, ಕೈಕಟ್ಟಿ ನಿಂತ. ಊರಿನ ಇಬ್ಬರನ್ನು ಪಂಚರಾಗಿ ಕರೆದರು. ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಮೈಲಿ ೧,೨೮೧. ಶಾಂತಾರಾಮ ಬೇರಿನ ಮೇಲೆ ಕೂತು ಹೇಳಿಕೆ ಬರೆಯತೊಡಗಿದ.

“ಎಲ್ಲಿಗೆ ಒಯ್ಯುತ್ತಿದ್ದೆ?”

“ಎಲ್ಲಿಗೂ ಇಲ್ಲ.”

“ಹೊರಟಿದ್ದು?”

“ಬೆಳಿಗ್ಗೆ ಒಂಬತ್ತಕ್ಕೆ. ಅವತ್ತೂ ನಂಗೆ ಸುದ್ದಿ ಬಂದದ್ದು ಒಂಬತ್ತಕ್ಕೇ. ಕೂಸು ಅಡ್ಡ ಆಗಿದೆ, ನಾಗಿಯನ್ನ ಡಾಕ್ಟರ ಹತ್ರ ಮುಟ್ಟಿಸ್ಬೇಕು ಅಂತ. ಈ ಗಾಡಿ ಕೇಳ್ದೆ. ಹೊಸ ಮೈಲಿ ಬಿದ್ರೆ ಪಾರ್ಸಿ ಒಲ್ಲೆ ಅಂತಾನೆ ಅಂದ್ರು ಯಜಮಾನ್ರು. ಅಲ್ಲಿ ರಾಮನಗುಳಿಯಲ್ಲಿ ಎತ್ತಿನ ಗಾಡಿ ಕಟ್ಟಿ ಅವಳ ಹೊರಡಿಸಿದಾಗ ಹನ್ನೆರಡು.”

“ಕೀಲಿ?”

“ನನ್ನ ಕಿಸೆಯಲ್ಲೇ ಇತ್ತು ಒಡ್ಯಾ.” ಬಾಳಾ ಮಡಚಿದ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಚಿದ. “ಕೇಳದೇ ಒಯ್ಯೂಕಾಗಿತ್ತು. ನಾ ಕೇಳ್ದೆ. ಬೇಡ ಅಂದ್ರು, ಸುಮ್ನಾದೆ. ನಿಮ್ಮ ಠಾಣೆಗೂ ಬಂದಿದ್ದೆ.”

ಶಾಂತಾರಾಮನಿಗೆ ಆಗ ನೆನಪಾಯಿತು. ಅಕ್ಟೋಬರ್ ಹತ್ತೊಂಬತ್ತು. ಕಲೆಕ್ಟರರ ತಪಾಸಣೆಯ ಹಿಂದಿನ ದಿನ. ಠಾಣೆಗೆ ಸುಣ್ಣ ಹೊಡೆಯುತ್ತಿದ್ದರು. ಒಬ್ಬ ಬಂದು, ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ಯಜಮಾನರಿಗೆ ಒಂದು ಮಾತು ಹೇಳಿ ಎಂದು ಬೇಡಿಕೊಂಡಿದ್ದ. ಅದು ಮನೆಯವರ ಖಾಸಗಿ ವಿಷಯ ಎಂದು, ಅವನ ಮುಖವನ್ನೂ ನೋಡದೆ ಕಳಿಸಿದ್ದ.

“ನಿನ್ನೆ ರಾಮನಗುಳಿ ಮುಟ್ಟಿದ್ದು?” ಎಂದು ಕೇಳಿದ.

“ಹನ್ನೊಂದೂವರೆ. ಅವಳ ಎತ್ತಿ ಮಲಗಿಸೂಕೆ ಎಷ್ಟು ಬೇಕೋ ಅಷ್ಟು ಹೊತ್ತು ಅಂಗಳದಲ್ಲಿ ನಿಂತೆ. ಆಮೇಲೆ ಬಸುರಿಯ ಕರ್ಕಂಡು ಹೋದಾಂಗೆ ನಿಧಾನಕ್ಕೆ ಬಿಟ್ಟೆ. ಒಂದೂ ನಲವತ್ತಕ್ಕೆ ಡಾಕ್ಟರ ಬಾಗ್ಲು.”

“ಇದೆಲ್ಲ ಎಂತಕ್ಕೆ?”

“ಗಾಡಿ ಒಯ್ದಿದ್ರೂ ಅವಳು ಉಳೀತಿರ್ಲಿಲ್ಲ ಅಂತ ಗೊತ್ತಾದ್ರೆ ಸಾಕಾಗಿತ್ತು. ದಾರಿಯೇ ಅಷ್ಟು ಉದ್ದ ಅಂದ್ಕಂಡು ರಾತ್ರಿ ಮಲಗೂಕಾಗ್ತಿತ್ತು.”

“ಅವತ್ತು ಅವಳು ಹೋದದ್ದು ಎಷ್ಟು ಹೊತ್ತಿಗೆ?”

“ಇಲ್ಲೇ, ಈ ಮರದ ಬುಡಕ್ಕೆ. ದೀಪ ಹಚ್ಚೋ ಹೊತ್ತಿಗೆ. ಅಲ್ಲೀವರೆಗೂ ನನ್ನ ಕೇಳ್ತಾ ಇದ್ಲಂತೆ.”

ಪಂಚರಲ್ಲೊಬ್ಬ ಮುಖ ತಿರುಗಿಸಿದ. ೩೮೧ನೇ ಕಲಂ ಪ್ರಕಾರ, ಯಜಮಾನನ ಸ್ವತ್ತು ಕದ್ದ ಆಳು ಎಂದು ಬಾಳಾನನ್ನು ದಸ್ತಗಿರಿ ಮಾಡಲಾಯಿತು. ಮಾದೇವ ತೆಗೆದ ಬೇಡಿಯನ್ನು ಫೌಜದಾರ ಕಣ್ಣಿನಲ್ಲೇ ಬೇಡವೆಂದ. ಬಾಳಾ ಹೇಳಿಕೆಗೆ ಸಹಿ ಹಾಕಿದ. ಶಾಂತಾರಾಮ ತನ್ನ ಸಹಿಗೆ ಬಿಟ್ಟ ಜಾಗದ ಮೇಲೆ ಇನ್ನೆರಡು ಸಾಲು ಬರೆದ: ‘ಅಕ್ಟೋಬರ್ ೧೯ರಂದು ಆರೋಪಿಯು ಠಾಣೆಗೆ ಬಂದು ನೆರವು ಕೇಳಿದ್ದು ನಿಜವಿರುತ್ತದೆ. ನಾನು ಕೊಟ್ಟಿರುವುದಿಲ್ಲ.’

ಹೆಗಲ ಮೇಲಿಂದ ಓದಿದ ಮಾದೇವ ಪಿಸುಗುಟ್ಟಿದ: “ಸಾಹೇಬ್ರೇ, ಇದು ಮೇಲಿನವ್ರ ಕಣ್ಣಿಗೆ ಬೀಳ್ತದೆ. ಬರೀಲೇಬೇಕಾ?”

ಶಾಂತಾರಾಮ ಸಹಿ ಹಾಕಿ, ತಾರೀಖು ಬರೆದು, ಶಾಯಿ ಆರಲೆಂದು ಕಾಗದವನ್ನು ಗಾಳಿಗೆ ಹಿಡಿದ.