ಕಪ್ಪು ದಾರದ ಚೀಲ

ಒಕ್ಕಣೆ ಮುಗಿದ ವಾರ. ಬೆಳಗಿನಿಂದಲೇ ಹಿಟ್ಟಿನ ಗಿರಣಿಯ ಮುಂದೆ ಗೋಧಿ ಚೀಲಗಳ ಸಾಲು. ಗಿರಣಿಯಕ್ಕ ತಲೆಗೆ ಬಟ್ಟೆ ಬಿಗಿದು ಒಂದೊಂದೇ ಚೀಲ ಸುರಿಯುತ್ತಿದ್ದಳು.

"ಅಕ್ಕಾ, ನಿನ್ನ ಹುಬ್ಬೂ ಬೆಳ್ಳಗಾಯ್ತು," ಎಂದಳು ಪಕ್ಕದ ಮನೆಯವಳು.

"ನಂದು ಹಿಟ್ಟು, ಒರೆಸಿದ್ರೆ ಹೋಗುತ್ತೆ. ನಿಂದು?"

ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಅವಳ ಕಣ್ಣು ಬಾಗಿಲಾಚೆ ಹೋಯಿತು... ಕೈ ಅಲ್ಲೇ ನಿಂತಿತು.

ಬಡಗಿ!

ಇಪ್ಪತ್ತೆರಡು ವರ್ಷದ ಮೇಲೆ ಕಂಡಿದ್ದ. ತಲೆ ನರೆತಿದೆ. ನಿಂತ ಜಾಗ ಮಾತ್ರ ಅದೇ, ಎಲ್ಲರಿಗಿಂತ ಹಿಂದೆ.

ಅವನ ಅಜ್ಜಂದಿರು ಹಡಗಿನಲ್ಲಿ ಕೂಲಿಗೆ ಬಂದವರು. ಮೂರು ತಲೆಮಾರು ಕಳೆದರೂ ಊರು ಅವರ ಕರಿಮೈ ನೋಡಿ 'ಹೊರಗಿನವರು' ಎಂದೇ ಕರೆಯುತ್ತಿತ್ತು. ಅವರ ಚೀಲಕ್ಕೆ ಕಪ್ಪು ದಾರ. ಸರದಿ ಎಲ್ಲರದೂ ಮುಗಿದ ಮೇಲೆ. ಅಪ್ಪನ ಮಾತಿನಂತೆ ಆ ದಾರ ಕಟ್ಟುತ್ತಿದ್ದವಳು ಅವಳೇ.

ಜನ ಕರಗಿದ ಮೇಲೆ, ಬಿಸಿ ಹಿಟ್ಟಿನ ವಾಸನೆಯಲ್ಲಿ, ಇಬ್ಬರಿಗೂ ಅರ್ಧ ಗಂಟೆ ಮಾತು ಸಿಗುತ್ತಿತ್ತು. ಅವನ ಸರದಿ ಕೊನೆಯಲ್ಲೇ ಇರಲಿ ಎಂದು ಅವಳು ಆಸೆಪಟ್ಟದ್ದೂ ಉಂಟು. ಈಗ ನೆನೆದರೆ ನಾಚಿಕೆ.

ಒಂದು ದಿನ ಅವನು ಚೀಲ ಇಳಿಸುತ್ತಿದ್ದಂತೆ, "ಹೋಗು, ಇನ್ನು ಈ ಕಡೆ ಬರಬೇಡ," ಎಂದಿದ್ದಳು, ಎಲ್ಲರೆದುರು. ಅವನು ಮುಖ ತಗ್ಗಿಸಿ ಹೋದ. ಮರುದಿನ ಅವರ ಕೇರಿ ಬೂದಿಯಾಗಿತ್ತು. ಉಳಿದವರು ಊರು ಬಿಟ್ಟಿದ್ದರು.

ಅವಳು ಗಿರಣಿ ನಿಲ್ಲಿಸಿದಳು. ಇನ್ನು ಆಡಿದ ಮಾತು ಸಾಲಿನವರಿಗೆಲ್ಲ ಕೇಳುತ್ತಿತ್ತು.

'ಅವತ್ತೂ ಜನ ಇದ್ದರು. ಅದಕ್ಕೇ ನಿಜ ಹೇಳಲು ಬಾಯಿ ಬರಲಿಲ್ಲ. ಇವತ್ತೂ ಹಾಗೇ ಆದರೆ...'

"ಒಳಗೆ ಬಾ," ಎಂದಳು.

"ಬೇಡ ಅಂದವಳು ನೀನೇ," ಎಂದ ಅವನು ಮೆಲ್ಲಗೆ. "ನೀನೂ ಎಲ್ಲರ ಹಾಗೇ ಅಂದ್ಕೊಂಡೆ. ಭಾವ ಬೆಂಕೀಲಿ ಹೋದ್ರು. ಅಕ್ಕನ ಮಕ್ಕಳನ್ನ ಸಾಕಿ ದಡ ಸೇರಿಸಿದೆ. ಅಕ್ಕ ಇವತ್ತಿಗೂ ಒಲೆ ಹಚ್ಚಲ್ಲ. ನಾನೇ ಹಚ್ಚಬೇಕು."

"ಬೆಂಕಿ ಇಡೋ ಮಾತು ನನ್ನ ಕಿವಿಗೆ ಬಿದ್ದಿತ್ತು. ಮಾತಾಡಿದವರಲ್ಲಿ ನನ್ನಣ್ಣನೂ ಒಬ್ಬ, ಪಕ್ಕದಲ್ಲೇ ನಿಂತಿದ್ದ. ಓಡಿಹೋಗಿ ಅನ್ನೋ ಧೈರ್ಯ ಬರಲಿಲ್ಲ, ಅಷ್ಟರಲ್ಲೇ ಅರ್ಥ ಮಾಡ್ಕೊಂಡು ಊರು ಬಿಡ್ತೀಯ ಅಂತ ಬರಬೇಡ ಅಂದೆ." ಅವಳು ಬಾಗಿಲವರೆಗೆ ಬಂದಳು. "ಅಣ್ಣನ ಹತ್ರ ಅವತ್ತಿಂದ ಮಾತಿಲ್ಲ. ಅಪ್ಪ ಸಾಯೋವಾಗ ಆ ಕಡೆ ಅವನು, ಈ ಕಡೆ ನಾನು."

ಸಾಲಿನಲ್ಲಿ ಕೆಲವರು ತಲೆ ತಗ್ಗಿಸಿದರು.

"ಈಗ ಯಾಕೆ ಬಂದೆ?" ಎಂದು ಅವನನ್ನು ಕೇಳಿದಳು.

"ನನ್ನ ಚೀಲ ಇಲ್ಲೇ ಉಳೀತಲ್ಲ."

ಅವಳು ಮೂಲೆಯಿಂದ ಅದನ್ನು ಎಳೆದು ತಂದಳು. ಅವನ ತಾಯಿ ಹಾಕಿದ್ದ ತೇಪೆ ಹಾಗೇ ಇತ್ತು. ಅವನು ಅದರ ಮೇಲೆ ಬೆರಳಾಡಿಸಿದ.

"ಇಷ್ಟು ವರ್ಷದ ಗೋಧಿ ಹುಳಕ್ಕೂ ಬೇಡ, ಮಾರಾಯ್ತಿ."

"ಪ್ರತಿ ಒಕ್ಕಣೆಗೂ ಹೊಸದು ತುಂಬಿದೀನಿ. ಇದು ಈ ವರ್ಷದ್ದು."

ಅವಳು ಕಪ್ಪು ದಾರವನ್ನು ಕತ್ತರಿಸಿದಳು.

"ಅಕ್ಕಾ, ಈಗ ನನ್ನ ಸರದಿ," ಎಂದಳು ಪಕ್ಕದ ಮನೆಯವಳು.

"ಮೊದಲು ಇವರದು. ಎಲ್ಲರಿಗಿಂತ ಹೆಚ್ಚು ಕಾದವರು."

ಗಿರಣಿ ಮತ್ತೆ ಗುಡುಗಿತು. ಹಿಟ್ಟು ಬೆಚ್ಚಗೆ ಇಳಿಯತೊಡಗಿತು. ಬಡಗಿ ಹೊಸ್ತಿಲು ದಾಟಿ ಅವಳ ಪಕ್ಕ ನಿಂತ.

"ದಾರ ಕಟ್ಟಿದ ಕೈ ನಂದು. ಮನ್ನಿಸು ಅಂತ ಹೇಗೆ ಕೇಳಲಿ?"

"ಕೇಳಬೇಡ. ಅದು ಬಾಕಿ ಇರಲಿ. ಚೀಲ ಮಾತ್ರ ಚುಕ್ತಾ."

ಅವಳು ತಲೆಯಾಡಿಸಿದಳು. ಅವನು ಚೀಲದ ಬಾಯಿ ಮಡಚಲು ಹೋದ.

"ಬಿಸಿ ಹಿಟ್ಟು ಕಟ್ಟಬಾರದು. ಆರಲಿ."

"ಎಷ್ಟು ಹೊತ್ತು ಬೇಕು?"

"ಅವಸರ ಇದೆಯಾ?"

"ಇಲ್ಲ..." ಎಂದ ಅವನು. "ನಿಧಾನಕ್ಕೆ ಆರಲಿ."