ಹಿಮ ಒರೆಸಿದ ಟ್ಯೂಬು

ಸ್ಟೆಮ್ ಸೆಲ್ ಕಸಿಯ ಸಂಶೋಧನೆಗೆ ಅಂತ ಜನ ಕೊಟ್ಟ ರಕ್ತವನ್ನ ಜೋಪಾನ ಮಾಡೋದು ನನ್ನ ಕೆಲಸ. ಫ್ರೀಜರಿನ ಬೀಗದ ಕೈ ನನ್ನೊಬ್ಬಳ ಹತ್ತಿರಾನೇ ಇರುತ್ತೆ. ಒಳಗಿನ ಟ್ಯೂಬುಗಳಿಗೆ ಎಷ್ಟು ಹಿಮ ಕಟ್ಟಿರುತ್ತೆ ಅಂದ್ರೆ, ಹೆಬ್ಬೆರಳಲ್ಲಿ ಒರೆಸಿದ್ರೇನೇ ನಂಬರು ಕಾಣೋದು.

ಅಮ್ಮನಿಗೆ ಕಸಿ ಮಾಡಿದಾಗ ನಾನೂ ಅಕ್ಕನೂ ರಕ್ತ ಕೊಟ್ಟಿದ್ವಿ. ನಮ್ಮಿಬ್ಬರ ಟ್ಯೂಬು ಒಂದರ ಪಕ್ಕ ಒಂದಿವೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ಅಕ್ಕನ ನಂಬರು ಮಾತ್ರ ಆಗಷ್ಟೇ ಒರೆಸಿದ ಹಾಗೆ ಕಾಣಿಸ್ತು. ಮಾರನೇ ದಿನವೂ ಹಾಗೇ.

"ನೀನೇ ಒರೆಸಿ ಮರೆತಿದ್ದೀಯ ಕಣಮ್ಮ, ಸರಿಯಾಗಿ ನಿದ್ದೆ ಮಾಡು" ಅಂದ್ರು ನಮ್ಮ ಲ್ಯಾಬಿನ ಡಾಕ್ಟರು.

ಗುರುತಿನ ಮೇಲೆ ನನ್ನ ಹೆಬ್ಬೆರಳಿಟ್ಟು ನೋಡಿದೆ. ಗುರುತು ಅದರ ಎರಡರಷ್ಟು ಅಗಲ ಇತ್ತು.

ಒಂಬತ್ತು ದಿನ ಹೀಗೇ ನಡೀತು. ಹತ್ತನೇ ದಿನ ಅಕ್ಕನ ಟ್ಯೂಬಿಗೂ ಹಿಮ ಕಟ್ಟಿತ್ತು. ಸದ್ಯ, ಪೀಡೆ ತೊಲಗಿತು ಅಂತ ಬಾಗಿಲು ಹಾಕೋಷ್ಟರಲ್ಲಿ ಭಾವನ ಫೋನು ಬಂತು. ಕಲ್ಲುಗುಂಡಿನ ಹಾಗಿದ್ದ ಅಕ್ಕ ಬಚ್ಚಲಲ್ಲಿ ಕುಸಿದು ಬಿದ್ದು ತೀರಿಕೊಂಡಿದ್ದಳು.

ಈಗ ನನ್ನ ಟ್ಯೂಬನ್ನ ಒರೆಸಿರುತ್ತೆ.

ಬೀಗದ ಕೈ ಡಾಕ್ಟರಿಗೆ ಕೊಟ್ಟು, ರಜೆ ಹಾಕಿ ಮನೇಲಿ ಕೂತಿದ್ದೀನಿ. ದಿನಾ ಬೆಳಿಗ್ಗೆ ಎಂಟಕ್ಕೆ ಅವರೇ ನೋಡಿ, "ಒರೆಸಿದೆ" ಅಂತ ಫೋನ್ ಮಾಡ್ತಾರೆ. ನಿದ್ದೆ ಮಾಡು ಅಂತ ಈಗ ಅವರೂ ಹೇಳಲ್ಲ.

ಇವತ್ತು ಹತ್ತನೇ ದಿನ. ಗಂಟೆ ಒಂಬತ್ತಾಯ್ತು, ಫೋನು ಬಂದಿಲ್ಲ.